ಡೇರಿ ಕೋಣೆಯ ಕೂಸುಗಳು

ಹೋದ ಆಷಾಢದಲ್ಲಿ ಹಳಿಯಾಳದಿಂದ ಮುಂಡಗೋಡದ ಮೇಲೆ ಪಾಳಾ ಕಡೆಗೆ ಹೊರಟಿದ್ದ ಬಸ್ಸಿನಲ್ಲಿ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ಬಂದು ನನ್ನ ಪಕ್ಕ ಕೂತಳು. ಹೊರಗೆ ಜಡಿಮಳೆ. ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಕೂಸಿನ ಮೈಯಿಂದ ಬಜೆಯ ವಾಸನೆ ಬರುತ್ತಿತ್ತು. ಅದಕ್ಕೆ ಸುತ್ತಿದ್ದ ಹಳೆಯ ಸೀರೆಯ ತುಂಡಿನಿಂದ ಸಣ್ಣಗೆ ಹೊಗೆಯ ವಾಸನೆಯೂ ಬರುತ್ತಿತ್ತು. ವಾರಗಟ್ಟಲೆ ಬಿಸಿಲು ಕಾಣದಾಗ ಕೆಂಡದ ಮೇಲೆ ಒಣಗಿಸಿದ ಬಟ್ಟೆಗೆ ಮಾತ್ರ ಬರುವ ವಾಸನೆ ಅದು. ನಾನು ಹೊರಟದ್ದು ಯಾವುದೋ ಜಮೀನಿನ ಕಾಗದಕ್ಕೆ. ಆದರೆ ಪಾಳಾ ಬರುವವರೆಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಳೆಗಾಲ.

ಹದಿನಾರು ವರ್ಷದ ಹಿಂದಿನ ಮಾತು. ಪಾಳಾದಿಂದ ಎರಡು ಮೈಲಿ ಒಳಗಿರುವ ಒಂದು ಸಣ್ಣ ಊರಿಗೆ ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ನನ್ನ ತವರು ಹಳಿಯಾಳ. ಅಪ್ಪ ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ. ಹಾಗಾಗಿ ಗದ್ದೆಯ ಕೆಸರಿನಲ್ಲಿ ಕಾಲಿಟ್ಟು ನನಗೆ ಗೊತ್ತಿರಲಿಲ್ಲ. ಗಂಡ ಹುಬ್ಬಳ್ಳಿಗೆ ಟೆಂಪೋ ಓಡಿಸುತ್ತಿದ್ದರು, ವಾರಕ್ಕೆ ಎರಡು ಮೂರು ದಿನ ಮನೆಯಲ್ಲಿ ಇರುತ್ತಿದ್ದರು. ಆ ವರ್ಷದ ಯುಗಾದಿಯ ಹೊತ್ತಿಗೆ ನನಗೆ ಹೆರಿಗೆಯಾಯಿತು. ದಿನ ತುಂಬಿ ಹುಟ್ಟಿದ ಕೂಸಿಗೆ ಉಸಿರೇ ಇರಲಿಲ್ಲ. ಮೂರು ತಿಂಗಳು ನಾನು ಅತ್ತೆಯ ಮನೆಯ ಒಳಕೋಣೆ ಬಿಟ್ಟು ಹೊರಗೆ ಬಂದದ್ದು ಕಡಿಮೆ. ಬೀದಿಯಲ್ಲಿ ಯಾರದಾದರೂ ಕೂಸು ಅತ್ತರೆ ಎದ್ದು ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ.

ಊರಿನ ಕೆಳಗೆ ಕೆರೆ, ಕೆರೆಯ ಕೆಳಗೆ ಗದ್ದೆಗಳು. ಆಷಾಢದ ಮಳೆ ಹಿಡಿದ ಮೇಲೆ ಹೆಂಗಸರೆಲ್ಲ ನಾಟಿಗೆ ಹೋಗುತ್ತಿದ್ದರು. ಅಂಗನವಾಡಿ ಇದ್ದದ್ದು ಪಾಳಾದಲ್ಲಿ, ಅದೂ ಮೂರು ವರ್ಷ ತುಂಬಿದವರಿಗೆ, ಮಧ್ಯಾಹ್ನದವರೆಗೆ. ಇನ್ನೂ ಸಣ್ಣವು ಅವ್ವನ ಜೊತೆಗೇ ಗದ್ದೆಗೆ ಹೋಗಬೇಕು, ಬದುವಿನ ಮೇಲೆ ಪ್ಲಾಸ್ಟಿಕ್ ಹಾಳೆಯ ಕೆಳಗೆ ಕೂತಿರಬೇಕು. ಆ ವರ್ಷ ನಾಟಿ ಶುರುವಾದ ನಾಲ್ಕನೇ ದಿನ ಎರಡು ವರ್ಷದ ಹುಡುಗಿಯೊಬ್ಬಳು ಬದುವಿನಿಂದ ಜಾರಿ ಕಾಲುವೆಗೆ ಬಿದ್ದಳು. ಇಪ್ಪತ್ತು ಮಾರು ಕೆಳಗೆ ರೇಣುಕಾ ಎಂಬ ಹೆಂಗಸು ಸಸಿಯ ಕಟ್ಟು ತರಲು ಹೋದವಳು ನೀರಿನಲ್ಲಿ ಕೆಂಪು ಅಂಗಿ ಕಂಡು ಕೈಹಾಕಿದಳು. ಹುಡುಗಿ ಬದುಕಿದಳು. ಆದರೆ ಆ ದಿನ ಮಧ್ಯಾಹ್ನಕ್ಕೇ ಎಲ್ಲರೂ ಕೆಲಸ ಬಿಟ್ಟು ಬಂದರು. ಬೋರಿಂಗಿನ ಹತ್ತಿರ ಕೆಸರುಗಾಲಿನಲ್ಲೇ ನಿಂತು ಬಹಳ ಹೊತ್ತು ಮಾತಾಡಿದರು.

ಸಂಜೆ ಅದೇ ರೇಣುಕಾ, ಇನ್ನೂ ಮೂರು ಜನರೊಂದಿಗೆ ನಮ್ಮ ಮನೆಗೆ ಬಂದಳು. ಸೊಂಟದ ಮೇಲೆ ಅವಳ ಹತ್ತು ತಿಂಗಳ ಮಗಳು ದೀಪಾ. ನಾನು ಒಳಗೆ ಅಕ್ಕಿ ಹಸನು ಮಾಡುತ್ತಿದ್ದೆ.

"ಗೌಡರ ಹಳೇ ಡೇರಿ ಕೋಣಿ ಖಾಲಿ ಐತ್ರಿ," ಅಂದಳು ರೇಣುಕಾ ನನ್ನ ಅತ್ತೆಗೆ. "ಕೇಳೀವಿ, ಬಳಸ್ರಿ ಅಂದಾರ. ಮಕ್ಕಳನ್ನ ಅಲ್ಲಿ ಬಿಟ್ಟು ಹೋಗ್ತೇವಿ. ಹಸೀನಾ ಖಾಲಾ ಇರ್ತೇನಿ ಅಂದಾರ. ಆದ್ರ ವಯಸ್ಸಾದವರು, ಒಬ್ಬರ ಕೈಲಿ ಆಗಂಗಿಲ್ಲ. ನಿಮ್ಮ ಸೊಸಿ ಮನ್ಯಾಗ ಇರ್ತಾಳಲ್ರಿ. ಅಕಿ ಕೈಯಾಗ ಏನು ಕೂಸಿಲ್ಲ..."

ಅಂದವಳು ಅಲ್ಲಿಗೇ ನಿಲ್ಲಿಸಿದಳು. ಅತ್ತೆ, "ಕೇಳಿ ಹೇಳ್ತೇನಿ," ಅಂದರು.

ಅವರು ಹೋದ ಮೇಲೆ ಅತ್ತೆ ಒಳಗೆ ಬಂದು ನನ್ನ ಎದುರಿಗೆ ಕೂತರು. "ಮನಸಿಲ್ಲ ಅಂದ್ರ ಇಲ್ಲ ಅಂತ ಹೇಳೂಣು ಗಿರಿಜಾ. ಅದರಾಗೇನಿಲ್ಲ," ಅಂದರು.

"ಹೋಗ್ತೇನ್ರಿ," ಅಂದೆ. ಸಿಟ್ಟಿನಿಂದ ಅಂದದ್ದು. ಕೈ ಖಾಲಿ ಇರುವವಳನ್ನು ಕೆಲಸಕ್ಕೆ ಹಚ್ಚಲು ಬಂದಿದ್ದಾರೆ, ಹೋಗಿಬಿಡುತ್ತೇನೆ, ನೋಡಲಿ ಎಂಬ ಸಿಟ್ಟು.

ಹಸೀನಾ ಖಾಲಾ ದಾಂಡೇಲಿಯವರು. ಗಂಡ ಅಲ್ಲಿ ಗಿರಣಿಯಲ್ಲಿ ದುಡಿಯುತ್ತಿದ್ದಾಗ ಪಾಳಿಗೆ ಹೋಗುವ ನೆರೆಹೊರೆಯವರ ಮಕ್ಕಳನ್ನೆಲ್ಲ ತಮ್ಮ ಮನೆಯಲ್ಲಿ ಆಡಿಸಿದವರು. ಗಂಡ ತೀರಿಕೊಂಡ ಮೇಲೆ ನಮ್ಮ ಊರಿಗೆ, ಪಂಪ್‌ಸೆಟ್ಟು ರಿಪೇರಿ ಮಾಡುವ ಮಗನ ಹತ್ತಿರ ಬಂದಿದ್ದರು. ಮೊದಲ ದಿನ ನಾನು ಹೋಗುವಷ್ಟರಲ್ಲಿ ಕೋಣೆ ಗುಡಿಸಿ, ತೊಳೆದು, ಹಾಲಿನ ಕ್ಯಾನು ಇಡುತ್ತಿದ್ದ ಕಟ್ಟೆಯ ಮೇಲೆ ಚಾಪೆ ಹಾಸಿದ್ದರು. ಛಾವಣಿಯ ತೊಲೆಗೆ ಕೂಸುಗಳನ್ನು ತೂಗಲು ನಾಲ್ಕು ಸೀರೆಯ ಜೋಳಿಗೆ ಕಟ್ಟಿದ್ದರು. ಮೂಲೆಯಲ್ಲಿ ಇದ್ದಿಲಿನ ಶೇಗಡಿ ಹೊತ್ತಿಸಿ, ಅದರ ಮೇಲೆ ಬಿದಿರ ಬುಟ್ಟಿ ಬೋರಲು ಹಾಕಿ, ಮಕ್ಕಳ ಒದ್ದೆ ಬಟ್ಟೆಗಳನ್ನು ಬುಟ್ಟಿಯ ಮೇಲೆ ಹರಡಿದ್ದರು.

"ಬಾ ಬೇಟಿ," ಅಂದರು. "ಬಟ್ಟಿ ತಿರುವಿ ಹಾಕ್ತಾ ಇರು. ಮಕ್ಕಳನ್ನ ನಾ ನೋಡ್ತೇನಿ."

ನನ್ನ ಮುಖ ನೋಡಿಯೇ ಹಾಗೆ ಹೇಳಿದ್ದಿರಬೇಕು. ಮೊದಲ ಮೂರು ದಿನ ನಾನು ಮಾಡಿದ್ದು ಅಷ್ಟೇ. ಒಂಬತ್ತು ಮಕ್ಕಳು. ಅವರಿಗೆ ಬೆನ್ನು ಮಾಡಿ ಕೂತು ಬಟ್ಟೆ ತಿರುವಿ ಹಾಕುತ್ತಿದ್ದೆ, ಖಾಲಾ ಹದ ಮಾಡಿ ಇಟ್ಟ ಗಂಜಿ ಕುದಿಸುತ್ತಿದ್ದೆ. ಗಂಜಿಗೆ ಪ್ರತಿ ಮನೆಯಿಂದ ಒಂದೊಂದು ಹಿಡಿ ಅಕ್ಕಿ, ಹೆಸರುಬೇಳೆ ಬರುತ್ತಿತ್ತು. ಎರಡು ಮನೆಯವರು ಮಾತ್ರ ಅಕ್ಕಿ ಕೊಡದೆ ಡಬ್ಬಿಯಲ್ಲಿ ಊಟ ಕಟ್ಟಿ ಕಳಿಸುತ್ತಿದ್ದರು. ಯಾಕೆಂದು ನಮಗೂ ಗೊತ್ತಿತ್ತು, ಖಾಲಾಗೂ ಗೊತ್ತಿತ್ತು. ಅವರು ಡಬ್ಬಿ ತೆರೆದು ಆ ಮಕ್ಕಳ ಮುಂದೆ ಇಟ್ಟು, ಉಳಿದವರಿಗೆ ಗಂಜಿ ಬಡಿಸುತ್ತಿದ್ದರು. ಡಬ್ಬಿಯ ಮಕ್ಕಳು ಗಂಜಿಯ ತಾಟಿಗೆ ಕೈ ಹಾಕುತ್ತಿದ್ದವು, ಗಂಜಿಯ ಮಕ್ಕಳು ಡಬ್ಬಿಯ ರೊಟ್ಟಿ ಕಸಿಯುತ್ತಿದ್ದವು. ವಾರದೊಳಗೆ ಒಬ್ಬ ತಾಯಿ ಬಂದು, "ನನ್ನ ಮಗ ಮನ್ಯಾಗೂ ನಿಮ್ಮ ಗಂಜೀನ ಬೇಕಂತಾನ. ಅದಕ್ಕ ಏನ ಹಾಕ್ತೀರಿ ಖಾಲಾ?" ಎಂದು ಕೇಳಿದಳು. ಮರುದಿನದಿಂದ ಆ ಮನೆಯ ಹಿಡಿ ಅಕ್ಕಿಯೂ ಬಂತು. ಇನ್ನೊಂದು ಡಬ್ಬಿ ಸ್ವಲ್ಪ ತಡವಾಗಿ ನಿಂತಿತು.

ನಾಲ್ಕನೇ ದಿನವೋ ಐದನೇ ದಿನವೋ ಖಾಲಾ ಹಿತ್ತಲಿಗೆ ಹೋದಾಗ ದೀಪಾ ಅಳಲು ಶುರು ಮಾಡಿದಳು. ನಾನು ಕಿವಿಗೊಡದೆ ಕೂತಿದ್ದೆ. ಅಳು ನಿಂತಿತು. ತಿರುಗಿ ನೋಡುವಷ್ಟರಲ್ಲಿ ಅವಳು ಅಂಬೆಗಾಲಿಟ್ಟು ಬಂದು ನನ್ನ ಸೆರಗು ಹಿಡಿದು ಎದ್ದು ನಿಂತಿದ್ದಳು. ಕಾಲು ನಡುಗುತ್ತಿದ್ದವು. ಕೈ ಬಿಟ್ಟರೆ ಶೇಗಡಿಯ ಕಡೆಗೇ ಬೀಳುತ್ತಾಳೆ. ಎತ್ತಿಕೊಂಡೆ. ಎತ್ತಿಕೊಂಡ ಮೇಲೆ ಇಳಿಸಲಾಗಲಿಲ್ಲ. ಖಾಲಾ ಬಂದು ನೋಡಿದರು. ಬಟ್ಟೆ ತಿರುವಿ ಹಾಕುವ ಕೆಲಸ ತಾವು ತೆಗೆದುಕೊಂಡರು.

ಆಮೇಲಿನ ಎರಡು ವಾರ ಬೆಳಗಾಗುವುದೇ ತಡ, ಕೋಣೆಗೆ ಹೋಗಿಬಿಡುತ್ತಿದ್ದೆ. ದೀಪಾ ಬೇರೆ ಯಾರ ಕೈಯಿಂದಲೂ ಉಣ್ಣುತ್ತಿರಲಿಲ್ಲ. ನನ್ನ ತೊಡೆಯ ಮೇಲೇ ನಿದ್ದೆ ಮಾಡುತ್ತಿದ್ದಳು. ಉಳಿದ ಮಕ್ಕಳೂ ಹತ್ತಿರ ಬಂದವು. ಅವಕ್ಕೆ ಹಾಡು ಹೇಳಿಕೊಟ್ಟೆ, ತಲೆ ಬಾಚಿದೆ. ಮಳೆ ಹೊಡೆಯುವಾಗ ತಗಡಿನ ಮೇಲೆ ಎಷ್ಟು ಸದ್ದಾಗುತ್ತಿತ್ತೆಂದರೆ ಮಕ್ಕಳು ಕೂಗಿ ಕೂಗಿ ಮಾತಾಡುತ್ತಿದ್ದವು, ಮಳೆ ನಿಂತರೂ ಕೂಗುವುದು ನಿಲ್ಲುತ್ತಿರಲಿಲ್ಲ. ಆದರೆ ನನ್ನ ಕಣ್ಣು ಇರುತ್ತಿದ್ದದ್ದು ಒಬ್ಬಳ ಮೇಲೆ. ಸಂಜೆ ಹೆಂಗಸರ ಧ್ವನಿ ಕೇಳಿದರೆ ಅವಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದೆ.

ಒಂದು ದಿನ ಮಧ್ಯಾಹ್ನ ದೀಪಾ ನನ್ನ ಗಲ್ಲ ಮುಟ್ಟಿ "ಅವ್ವಾ" ಅಂದಳು. ಕೂಸುಗಳು ಬಾಯಿಗೆ ಬಂದದ್ದು ಅನ್ನುತ್ತವೆ, ನಿಜ. ಆದರೆ ನಾನು "ಓ" ಅಂದೆ. ಮರುದಿನವೂ ಅಂದಳು, ಮರುದಿನವೂ ಓಗೊಟ್ಟೆ. ಮೂರನೇ ದಿನ ಸಂಜೆ ರೇಣುಕಾ ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿದಳು. ಮೊಣಕೈವರೆಗೂ ಕೆಸರು ಒಣಗಿತ್ತು. ದೀಪಾ ತಿರುಗಿ ನನ್ನ ಹೆಗಲಿಗೆ ಮುಖ ಹಚ್ಚಿ "ಅವ್ವಾ" ಅಂದಳು. ನಾನು, ರೇಣುಕಾ ಎದುರಿಗೆ ನಿಂತಿರುವಾಗಲೇ, "ಓ" ಅಂದುಬಿಟ್ಟೆ.

ರೇಣುಕಾಳ ಕೈ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿತ್ತು. ಆಮೇಲೆ ಮಗಳನ್ನು ಎತ್ತಿಕೊಂಡಳು. ಮಗು ಅಳುತ್ತಿದ್ದರೂ ತಿರುಗಿ ನೋಡದೆ ಹೋದಳು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಗದ್ದೆಗೇ ಒಯ್ಯುತ್ತಿದ್ದಾಳೆ ಎಂದು ಉಳಿದವರು ಹೇಳಿದರು. ನಾನು ಖಾಲಾನ ಮುಂದೆ ಗೊಣಗಿದೆ, "ಕೂಸು ಅಂದಿದ್ದಕ್ಕ ನಾ ಏನ ಮಾಡ್ಲಿ? ನಾ ಕಲಿಸೀನೇನು?"

ಖಾಲಾ ಬಟ್ಟೆ ಮಡಚುತ್ತ ಹೇಳಿದರು: "ಕೂಸು ಯಾರನ್ನಾದ್ರೂ ಅವ್ವ ಅನ್ನಲಿ, ಅದರ ತಪ್ಪಿಲ್ಲ. ನೀ ಓ ಅನ್ನಬಾರದಿತ್ತು ಬೇಟಿ. ದಾಂಡೇಲ್ಯಾಗ ನಾನೂ ಒಮ್ಮೆ ಅಂದಿದ್ದೆ. ಆ ತಾಯಿ ಒಂದು ವರ್ಷ ನನ್ನ ಕೂಡ ಮಾತಾಡ್ಲಿಲ್ಲ."

ನಾನು ಅತ್ತುಬಿಟ್ಟೆ. ಖಾಲಾ ಮಡಚಿದ ಬಟ್ಟೆಗಳಲ್ಲಿ ಒಂದನ್ನು ಮುಖ ಒರೆಸಿಕೊಳ್ಳಲು ಕೊಟ್ಟರು, ಅಷ್ಟೇ.

ಮೂರನೇ ದಿನ ಬೆಳಿಗ್ಗೆ ಮಕ್ಕಳನ್ನು ಖಾಲಾಗೆ ಬಿಟ್ಟು ಕೆರೆಯ ಕೆಳಗಿನ ಗದ್ದೆಗೆ ಹೋದೆ. ಸಣ್ಣ ಮಳೆ ಬೀಳುತ್ತಿತ್ತು. ಬದುವಿನ ಮೇಲೆ ನಾಲ್ಕು ಕೋಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಅದರ ಕೆಳಗೆ ರೇಣುಕಾ ದೀಪಾಳನ್ನು ಕೂರಿಸಿದ್ದಳು. ಕಾಲುವೆಯ ಕಡೆ ಹೋಗದಂತೆ ಸೊಂಟಕ್ಕೆ ಸೀರೆಯ ಅಂಚು ಕಟ್ಟಿ ಗೂಟಕ್ಕೆ ಬಿಗಿದಿದ್ದಳು. ಮಗುವಿನ ತುಟಿ ಚಳಿಗೆ ಕಪ್ಪಿಟ್ಟಿತ್ತು. ನನ್ನನ್ನು ನೋಡಿ ಎರಡೂ ಕೈ ಎತ್ತಿತು. ನಾನು ಎತ್ತಿಕೊಳ್ಳಲಿಲ್ಲ. ಅಷ್ಟು ಕಷ್ಟದ ಕೆಲಸ ನಾನು ಬೇರೆ ಮಾಡಿಲ್ಲ. ಸೀರೆ ಮೇಲೆ ಕಟ್ಟಿ ಕೆಸರಿಗಿಳಿದು ರೇಣುಕಾಳ ಪಕ್ಕಕ್ಕೆ ಹೋಗಿ ನಿಂತೆ.

"ನಿನ್ನ ಸಾಲು ನನಗ ಕೊಡು," ಅಂದೆ. "ಇವತ್ತ ನೀ ಹೋಗಿ ಡೇರಿ ಕೋಣ್ಯಾಗ ಕೂಡು. ಮಗಳನ್ನೂ ಕರಕೊಂಡು ಹೋಗು."

"ಯಾಕ?" ಅಂದಳು, ಬಗ್ಗಿದವಳು ಏಳದೆ.

"ಅಕಿ ಅವ್ವ ಅಂದಾಗ ನಾ ಓ ಅಂದೆ. ಮೂರು ದಿನ ಅಂದೆ. ಅದು ತಪ್ಪಾತು."

ಅವಳು ಕೈಯಲ್ಲಿದ್ದ ಸಸಿ ಪೂರ್ತಿ ಹಚ್ಚಿ ಮುಗಿಸಿದಳು. ಆಮೇಲೆ ನೆಟ್ಟಗೆ ನಿಂತಳು. "ನನಗ ಇನ್ನೂ ಒಂದು ಸಲನೂ ಅಂದಿಲ್ಲ ಅಕಿ," ಅಂದಳು. "ಮುಂಜಾನೆ ಮಲಗಿದಾಗ ಬಿಟ್ಟು ಬರ್ತೇನಿ, ಸಂಜಿಕೆ ಕರಕೊಂಡು ಹೋದ್ರ ಉಂಡು ಮಲಗತಾಳ. ನಾ ಯಾವಾಗ ಕೇಳಬೇಕು?"

ನಾನು ಸಸಿಯ ಕಟ್ಟಿಗೆ ಕೈ ಚಾಚಿದೆ. ಅವಳು ಕಟ್ಟು ಕೊಟ್ಟು, ಬದುವಿಗೆ ಹತ್ತಿದಳು.

ಆ ದಿನ ನಾನು ಹಚ್ಚಿದ ಸಾಲು ಹಾವು ಹೋದಂತೆ ಇತ್ತು. ಅರ್ಧ ಸಸಿ ಮೇಲೆ ತೇಲಿದವು. ಆಚೀಚೆಯ ಹೆಂಗಸರು ನಗುತ್ತ, ನನ್ನ ಹಿಂದೆ ಹಿಂದೆ ಬಂದು ಮತ್ತೆ ನೆಟ್ಟರು. ಸಂಜೆ ಸೊಂಟ ಹಿಡಿದುಕೊಂಡು ಡೇರಿ ಕೋಣೆಗೆ ಬಂದರೆ ರೇಣುಕಾ ಗೋಡೆಗೆ ಒರಗಿ ಕೂತಿದ್ದಳು. ತೊಡೆಯ ಮೇಲೆ ದೀಪಾ ಮಲಗಿದ್ದಳು, ಒಂದು ಹೆಗಲ ಮೇಲೆ ಬೇರೆ ಯಾರದೋ ಕೂಸು, ಜೋಳಿಗೆಯಲ್ಲಿ ಒಂದು ಕಿರುಚುತ್ತಿತ್ತು.

"ಒಂಬತ್ತೂ ಒಮ್ಮೆಗೇ ಅತ್ತರ ನೀ ಏನ ಮಾಡ್ತಿದ್ದಿ?" ಅಂದಳು.

"ನಾನೂ ಅಳ್ತಿದ್ದೆ," ಅಂದೆ.

ಅವಳು ನಕ್ಕಳು. ಖಾಲಾ ಮೂಲೆಯಲ್ಲಿ ಬಾಯಿಗೆ ಸೆರಗು ಹಚ್ಚಿ ನಕ್ಕರು. ಎಲ್ಲ ತಾಯಂದಿರೂ ಬಂದು ಕೂಡಿದ ಮೇಲೆ ರೇಣುಕಾ ಎದ್ದು, "ಒಂದ ಮಾತ ಹೇಳ್ತೇನಿ," ಅಂದಳು. "ದಿನಕ್ಕೊಬ್ಬ ತಾಯಿ ಇಲ್ಲಿ ಇರೂಣು. ಪಾಳಿ ಮಾಡೂಣು. ಅಕಿ ಸಾಲು ಉಳಿದವರು ಹಚ್ಚೂಣು. ಗಿರಿಜಾ ಒಬ್ಬಾಕಿ ಮ್ಯಾಲೆ ಹಾಕೂದು ಬ್ಯಾಡ. ನಮ್ಮ ಮಕ್ಕಳು ಹಗಲ ಹೊತ್ತು ಹೆಂಗಿರ್ತಾವ ನಾವೂ ನೋಡಬೇಕಲ್ಲ."

ಹೀಗೆ ಪಾಳಿ ಶುರುವಾಯಿತು. ನಾನೂ ಖಾಲಾನೂ ಹೆಚ್ಚಿನ ದಿನ ಇರುತ್ತಿದ್ದೆವು, ಜೊತೆಗೆ ಒಬ್ಬ ತಾಯಿ. ಅತ್ತೆ ಕೂಡ, ಯಾರೂ ಕರೆಯದಿದ್ದರೂ, ಬಂದು ಕತೆ ಹೇಳತೊಡಗಿದರು. ದೀಪಾ ನನ್ನನ್ನು ಅವ್ವ ಅಂದರೆ ನಾನು "ನಾ ಅವ್ವನ ತಂಗಿ, ಚಿಗವ್ವ ಅನ್ನು" ಅನ್ನುತ್ತಿದ್ದೆ. ಅವಳ ನಾಲಿಗೆಗೆ ಬಂದದ್ದು "ಚಿಗ್ಗಿ". ರೇಣುಕಾಳ ಎರಡನೇ ಪಾಳಿಯ ದಿನ ಗಂಜಿ ತಿನ್ನಿಸುವಾಗ ದೀಪಾ ಅವಳ ಮೂಗುತಿ ಹಿಡಿದು "ಅವ್ವಾ" ಅಂದಳು. ರೇಣುಕಾ ಓಗೊಡಲಿಲ್ಲ. ಗಂಜಿಯ ಬಟ್ಟಲು ಕೆಳಗಿಟ್ಟು ಮಗಳ ಹೊಟ್ಟೆಗೆ ಮುಖ ಒತ್ತಿಕೊಂಡಳು. ನಾನು ಬಟ್ಟೆ ತಿರುವಿ ಹಾಕಲು ಎದ್ದು ಹೋದೆ. ಹೊಟ್ಟೆಕಿಚ್ಚು ಆಗಲಿಲ್ಲ ಅಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ದೊಡ್ಡದೇನೋ ಹಗುರಾಯಿತು.

ಶ್ರಾವಣ ಹತ್ತಿರ ಬರುವಾಗ ಗೌಡರ ಮನೆಯಿಂದ ಆಳು ಬಂದ. ಗೊಬ್ಬರದ ಚೀಲ ಬಂದಿವೆ, ಇಡಲು ಜಾಗವಿಲ್ಲ, ನಾಳೆಗೆ ಕೋಣೆ ಬಿಡಬೇಕಂತೆ. ಗೌಡರು ಕೆಟ್ಟವರಲ್ಲ. ಬಳಸಿಕೊಳ್ಳಿ ಅಂದವರೂ ಅವರೇ. ಅವರಿಗೆ ಅದು ಬರೀ ಖಾಲಿ ಕೋಣೆ, ಅಷ್ಟೇ. ತಾಯಂದಿರು ಜಗಳಕ್ಕೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಒಂಬತ್ತು ಮಕ್ಕಳನ್ನೂ ಎತ್ತಿಕೊಂಡು ಗೌಡರ ಮನೆಯ ಕಟ್ಟೆಗೆ ಹೋದರು. ಚಾಪೆ ಹಾಸಿ ಕೂರಿಸಿದರು.

"ನಿಮ್ಮ ಗದ್ದಿ ಇನ್ನೂ ಅರ್ಧ ಉಳಿದೈತಿ ಗೌಡ್ರ," ಅಂದಳು ರೇಣುಕಾ. "ನಾವು ಹಚ್ಚಲಿಕ್ಕೆ ಹೋಗ್ತೇವಿ. ಮಕ್ಕಳನ್ನ ಎಲ್ಲಿ ಬಿಡಬೇಕು ಗೊತ್ತಾಗಲಿಲ್ರಿ. ಇಲ್ಲಿ ಬಿಟ್ಟಿರ್ತೇವಿ."

ನಾನೂ ಖಾಲಾನೂ ಕಟ್ಟೆಯ ತುದಿಗೆ ಅಂಜಿಕೊಂಡೇ ಕೂತೆವು. ಒಂದು ತಾಸಿನೊಳಗೆ ಒಂದು ಮಗು ಗೌಡರ ಚಪ್ಪಲಿಯಲ್ಲಿ ಉಚ್ಚೆ ಹೊಯ್ದಿತು. ಇನ್ನೊಂದು ಅವರ ಫೋನು ನೀರಿನ ಕೊಡಕ್ಕೆ ಹಾಕಿತು. ಗೌಡರು ಒಳಗೆ ಹೊರಗೆ ಓಡಾಡಿದರು. ಅವರ ತಾಯಿ, ಎಂಬತ್ತು ದಾಟಿದ ಹಿರಿಯರು, ಒಳಗಿನಿಂದ ನಿಧಾನವಾಗಿ ಬಂದು ಮಕ್ಕಳ ನಡುವೆ ಕೂತು, ಒಂದನ್ನು ತೊಡೆಗೆ ಎಳೆದುಕೊಂಡರು.

"ಗೊಬ್ಬರಕ್ಕ ಮಳಿ ಬಡದ್ರ ಗೊಬ್ಬರ ಹೋಗ್ತೈತಿ," ಅಂದರು ಮಗನಿಗೆ. "ಇವಕ್ಕ ಮಳಿ ಬಡದ್ರ ಏನ ಹೋಗ್ತೈತಿ ಅಂತ ನಿನಗ ಗೊತ್ತೈತಿಲ್ಲ? ಚೀಲ ದನದ ಕೊಟ್ಟಿಗ್ಯಾಗ ಇಡಸು."

ಗೌಡರು ತಲೆ ಕೆರೆದುಕೊಂಡು ಆಳನ್ನು ಕರೆದರು. ಮಧ್ಯಾಹ್ನದ ಗಂಜಿ ನಾವು ಡೇರಿ ಕೋಣೆಯಲ್ಲೇ ಉಂಡೆವು. ಆ ದಿನ ಗಂಜಿಗೆ ಹಾಕಲು ಗೌಡರ ತಾಯಿ ತುಪ್ಪ ಕಳಿಸಿದ್ದರು.

ಕೋಣೆ ಆ ನಾಟಿಗೆ ಮುಗಿಯಲಿಲ್ಲ. ಸುಗ್ಗಿಗೂ ನಡೆಯಿತು, ಮರುವರ್ಷವೂ ನಡೆಯಿತು. ನನಗೆ ಮಗ ಹುಟ್ಟಿದಾಗ ಅವನೂ ಅದೇ ಜೋಳಿಗೆಯಲ್ಲಿ ಮಲಗಿದ. ಗಂಡನಿಗೆ ದಾಂಡೇಲಿಯಲ್ಲಿ ಕೆಲಸ ಸಿಕ್ಕು ನಾವು ಊರು ಬಿಟ್ಟೆವು. ಅತ್ತೆಯೂ ನಮ್ಮ ಜೊತೆಗೇ ಬಂದರು. ಖಾಲಾ ತೀರಿಕೊಂಡ ಸುದ್ದಿ ನನಗೆ ಸಿಕ್ಕದ್ದು ಎರಡು ದಿನ ತಡವಾಗಿ. ಈಗ ಪಂಚಾಯತಿಯವರು ಬೇರೆ ಕಟ್ಟಡ ಕೊಟ್ಟಿದ್ದಾರೆ, ಗೋಡೆಗೆ ಬಣ್ಣದ ಚಿತ್ರಗಳಿವೆ, ಗ್ಯಾಸಿನ ಒಲೆ ಇದೆ. ಆದರೆ ತಾಯಂದಿರ ಪಾಳಿ ಇನ್ನೂ ಬಿಟ್ಟಿಲ್ಲ. ಅದಕ್ಕೆ ಎಲ್ಲಿಯೂ ಕಾಗದವಿಲ್ಲ. ಯಾರೂ ಬರೆದಿಟ್ಟ ನಿಯಮವಲ್ಲ ಅದು. ಹೋದ ಆಷಾಢದಲ್ಲಿ ಬಸ್ಸಿಳಿದು ಅಲ್ಲಿಗೆ ಹೋದಾಗ ಆ ದಿನದ ಪಾಳಿಯ ತಾಯಿ, ನನ್ನ ಗುರುತು ಇಲ್ಲದವಳು, "ಯಾರ ಕೂಸನ್ನ ನೋಡಾಕ ಬಂದೀರಿ?" ಎಂದು ಕೇಳಿದಳು. "ಎಲ್ಲಾರನ್ನೂ," ಅಂದೆ. ದೀಪಾ ಪಿಯುಸಿ ಓದುತ್ತಿದ್ದಾಳೆ. ರೇಣುಕಾಳ ಮನೆಯಲ್ಲಿ ನನಗೆ ಚಹಾ ತಂದುಕೊಟ್ಟು, "ಚಿಗ್ಗಿ, ಸಕ್ಕರಿ ಸಾಕೇನು?" ಎಂದಳು.

ಆ ರಾತ್ರಿ ದಾಂಡೇಲಿಗೆ ಮರಳುವಾಗ ನನಗೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟಿದ್ದು ಆ ವರ್ಷದ ನಾಟಿಯ ಕೊನೆಯ ದಿನ. ಕೋಣೆಯ ಪಾಳಿಗೆ ಕೂತ ತಾಯಿಯ ಬದಲು ನಾನು ಗದ್ದೆಗೆ ಇಳಿದಿದ್ದೆ. ಅಷ್ಟು ಹೊತ್ತಿಗೆ ನಾಲ್ಕಾರು ಸಲ ಹೀಗೆ ಇಳಿದು ನನ್ನ ಸಾಲು ನೆಟ್ಟಗೆ ಬರುತ್ತಿತ್ತು. ಮಳೆ ಬಿಟ್ಟಿತ್ತು, ಕೆರೆಯ ಏರಿಯ ಮೇಲೆ ಬೆಳಕು ಬಿದ್ದಿತ್ತು. ಹದಿನಾಲ್ಕು ಹೆಂಗಸರು ಒಂದೇ ಸಾಲಿನಲ್ಲಿ ಬಗ್ಗಿದ್ದೆವು, ನನ್ನ ಪಕ್ಕ ರೇಣುಕಾ.

"ಗಿರಿಜಾ," ಅಂದಳು, ತಲೆ ಎತ್ತದೆ. "ನಿನ್ನ ಕೂಸು ಹೆಣ್ಣಿತ್ತೋ, ಗಂಡಿತ್ತೋ?"

ಅದುವರೆಗೆ ಯಾರೂ ಕೇಳಿರಲಿಲ್ಲ. ನನ್ನ ತವರಿನವರೂ ಕೇಳಿರಲಿಲ್ಲ. ಹೋದದ್ದರ ಮಾತು ಬೇಡ ಅಂದಿದ್ದರು, ಅಷ್ಟೇ.

"ಹೆಣ್ಣು," ಅಂದೆ.

"ಹೆಸರ ಇಟ್ಟಿದ್ದಿಯೇನು?"

"ಮನಸಿನ್ಯಾಗ ಇಟ್ಟಿದ್ದೆ."

"ಏನಂತ?"

ಸಸಿ ಹಿಡಿದ ಕೈ ಕೆಸರಿನಲ್ಲೇ ನಿಂತಿತು. ಬಾಯಿ ಬಿಟ್ಟು ಒಮ್ಮೆಯೂ ಹೇಳದ ಹೆಸರು ಅದು, ಗಂಡನಿಗೂ ಹೇಳಿರಲಿಲ್ಲ. "ಸುಮಾ," ಅಂದೆ.

"ಸುಮಾ," ಅಂದಳು ರೇಣುಕಾ. ಮತ್ತೆ ಬಗ್ಗಿ ಎರಡು ಸಸಿ ಹಚ್ಚಿದಳು. ಅವಳ ಆಚೆಗಿದ್ದ ಹೆಂಗಸು ಏನೆಂದು ಕೇಳಿರಬೇಕು. ರೇಣುಕಾ ಮೆಲ್ಲಗೆ, "ಗಿರಿಜಾನ ಮಗಳ ಹೆಸರು. ಸುಮಾ ಅಂತ," ಅಂದಳು. ಅವಳು ತನ್ನ ಪಕ್ಕದವಳಿಗೆ ಹೇಳಿದಳು, ಆ ಪಕ್ಕದವಳು ಇನ್ನೊಬ್ಬಳಿಗೆ. ಯಾರೂ ಕೆಲಸ ನಿಲ್ಲಿಸಲಿಲ್ಲ, ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಸಸಿ ಹಚ್ಚುತ್ತ ಹಚ್ಚುತ್ತ ಆ ಹೆಸರನ್ನು ಒಬ್ಬೊಬ್ಬರಾಗಿ ಹೇಳಿಕೊಂಡರು. ಗದ್ದೆಯ ಆ ತುದಿಯವರೆಗೂ ಅದು ಹೋದದ್ದನ್ನು ನಾನು ಬಗ್ಗಿದಲ್ಲೇ ಕೇಳಿಸಿಕೊಂಡೆ.